ಇಲ್ಲದ ಬಕೆಟ್ಟು

ಭಾನುವಾರ, ಊಟವಾದ ಮೇಲೆ

ಏನ್ರೀ,

ಒಂದೇ ಸೂರಿನ ಕೆಳಗಿರುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಬೇರೆ ದಾರಿ ಕಾಣಲಿಲ್ಲ. ನಾನು ಮಾತು ತೆಗೆದರೆ ಸಾಕು, ಮಾತ್ರೆ ತಗೊಂಡ್ಯಾ ಅಂತ ಕೇಳಿ ಕೆಳಗೆ ಅಂಗಡಿಗೆ ಇಳಿದುಬಿಡುತ್ತೀರಿ. ಅದಕ್ಕೇ ಇದನ್ನು ನಿಮ್ಮ ಪಂಕ್ಚರ್ ಅಂಟಿನ ಡಬ್ಬದ ಕೆಳಗೆ ಇಡುತ್ತಿದ್ದೇನೆ. ಪೂರ್ತಿ ಓದಿ. ಗಿರಾಕಿ ಬಂದರೆ ಕಾಯಲಿ.

ಮೊದಲು ಬಕೆಟ್ಟಿನ ವಿಷಯ. ನೀರು ತುಂಬಿದ ಬಕೆಟ್ಟು ಎತ್ತುವಾಗ ನನ್ನ ತಲೆಯೊಳಗೆ ರಕ್ತನಾಳ ಒಡೆಯಿತು ಎಂದು ಎಲ್ಲರಿಗೂ ಹೇಳಿದಿರಿ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದಿರಿ. ನಿಮ್ಮ ಅಕ್ಕ ಅಂತೂ ಮನೆಯ ಬಕೆಟ್ಟುಗಳನ್ನೆಲ್ಲ ಮೇಲಿನ ತಾರಸಿಗೆ ಸಾಗಿಸಿ, ನನ್ನ ಕೈಗೊಂದು ಚೊಂಬು ಕೊಟ್ಟು, ಇದಕ್ಕಿಂತ ಭಾರ ಎತ್ತಿದ್ರೆ ನೋಡು ಅಂತ ಗದರಿ ಹೋದರು. ಎದೆಮಟ್ಟದ ನೀರಲ್ಲಿ ನಿಂತು ಊರಿನ ಮಕ್ಕಳಿಗೆಲ್ಲ ಈಜು ಕಲಿಸುವವಳು ಮನೆಯಲ್ಲಿ ಚೊಂಬು ಹಿಡಿದುಕೊಂಡು ಓಡಾಡುತ್ತಿದ್ದೇನೆ. ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಯಾಕೆಂದರೆ ಆವತ್ತು ಬಕೆಟ್ಟೇ ಇರಲಿಲ್ಲ.

ಆವತ್ತು ಅಂಗಡಿಗೆ ರಜೆ. ಕಿಟಕಿಯ ಪರದೆ ಎಳೆದಿತ್ತು. ನೀವು ನನ್ನ ಪಕ್ಕದಲ್ಲಿದ್ದಿರಿ, ಪಕ್ಕ ಅನ್ನುವುದಕ್ಕಿಂತ ಹತ್ತಿರ. ಇದ್ದಕ್ಕಿದ್ದ ಹಾಗೆ ಯಾರೋ ಹಿಂದಲೆಗೆ ಸುತ್ತಿಗೆಯಿಂದ ಬಾರಿಸಿದಂತಾಯಿತು. ಹೆರಿಗೆಯಲ್ಲೂ ಅಂಥ ನೋವು ಕಂಡಿರಲಿಲ್ಲ. ವಾಂತಿಯಾಯಿತು, ಕತ್ತು ಸೆಟೆದುಕೊಂಡಿತು, ಬೆಳಕು ನೋಡಲಾಗಲಿಲ್ಲ. ಆಮೇಲಿನದು ಚೂರು ಚೂರು ನೆನಪು. ನೀವು ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಹಾಗೇ ನನ್ನನ್ನು ಎತ್ತಿಕೊಂಡು ಓಡಿದಿರಿ. ತಲೆನೋವಿನ ಮಾತ್ರೆ ನುಂಗಿಸಿ ಮಲಗಿಸಿದ್ದರೆ ಇವರು ಉಳೀತಿರಲಿಲ್ಲ ಅಂತ ಡಾಕ್ಟರ್ ಆಮೇಲೆ ಹೇಳಿದರು. ನನ್ನ ಜೀವ ಉಳಿಸಿದವರು ನೀವೇ ಕಣ್ರೀ.

ಆದರೆ ನೀವು ಹಿಡಿದ ಲೆಕ್ಕವೇ ಬೇರೆ. ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರ್ ಚಿತ್ರ ಬರೆದು, ಮೆದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ ಉಬ್ಬಿತ್ತು ಎಂದು ವಿವರಿಸಿದರು. ಉಬ್ಬು ಅಂದ ಕೂಡಲೇ ನಿಮ್ಮ ಮುಖದಲ್ಲಿ ರಕ್ತವೇ ಇರಲಿಲ್ಲ. ಉಬ್ಬಿದ ಟೈರು ನಂಬಬೇಡಿ ಸ್ವಾಮಿ, ಇವತ್ತಲ್ಲ ನಾಳೆ ಒಡೆಯತ್ತೆ ಅಂತ ಗಿರಾಕಿಗಳಿಗೆ ಬುದ್ಧಿ ಹೇಳುವವರು ನೀವು. ಅಂಥ ಟೈರಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಗೋಡೆಗೆ ಒರಗಿಸುತ್ತೀರಿ, ಮತ್ತೆ ಗಾಳಿ ತುಂಬುವುದಿಲ್ಲ. ನನ್ನನ್ನೂ ಹಾಗೇ ಗೋಡೆಗೆ ಒರಗಿಸಿಬಿಟ್ಟಿರಿ. ನಾನು ಮನೆಗೆ ಬಂದ ದಿನವೇ ನಿಮ್ಮ ಹಾಸಿಗೆ ಸಾಮಾನಿನ ಕೋಣೆ ಸೇರಿತು. ಗೊರಕೆ ಜಾಸ್ತಿ, ನಿನಗೆ ನಿದ್ದೆ ಬೇಕು ಅಂದಿರಿ. ನನ್ನನ್ನು ಮುದ್ದಿನಿಂದ ಕಪ್ಪೆ ಅಂತ ಕರೆಯುವುದನ್ನೂ ಬಿಟ್ಟಿರಿ.

ಮೊದಮೊದಲು ನನಗೂ ಅದೇ ಒಳ್ಳೆಯದಾಯಿತು. ತಲೆ ಬಾಚಿಕೊಂಡರೆ ಸುಸ್ತು, ಸೋಪು ಅನ್ನಲು ಹೋಗಿ ಚಪ್ಪಲಿ ಅನ್ನುತ್ತಿದ್ದೆ, ಸುಮ್ಮಸುಮ್ಮನೆ ಅಳು. ಮೈಗೆ ಯಾವ ಆಸೆಯೂ ಇರಲಿಲ್ಲ. ಹೋದದ್ದು ಹೋಯಿತು ಅಂದುಕೊಂಡೆ. ಮತ್ತೆ ಈಜುಕೊಳಕ್ಕೆ ಹೋಗಲು ಶುರು ಮಾಡಿದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಇಳಿದು ಬಂದೆ. ನೀವು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದಿರಿ. ಆ ಕೈಗಳನ್ನು ನೋಡಿ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನನಗೆ ಆಸೆಯಾಯಿತು. ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟೆ. ನೀವು ಕೆಂಡ ಮುಟ್ಟಿದವರಂತೆ ಎದ್ದು ನಿಂತಿರಿ. ನಾನು ಮೇಲೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ.

ಮೊನ್ನೆ ತಪಾಸಣೆಗೆ ಹೋದಾಗ ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದಿರಲ್ಲ, ಒಳಗೆ ನಾನು ಎಲ್ಲ ಹೇಳಿಬಿಟ್ಟೆ. ಈ ಸಲದ ಡಾಕ್ಟರ್ ನಮ್ಮ ಮಗಳ ವಯಸ್ಸಿನವಳು, ನನಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಅವಳು ಮಾತ್ರ ನೆಗಡಿ ಕೆಮ್ಮಿನ ಮಾತು ಕೇಳಿದಷ್ಟು ಸಲೀಸಾಗಿ ಕೇಳಿಸಿಕೊಂಡಳು. ಆ ಉಬ್ಬು ಒಳಗೆ ಮೊದಲೇ ಇತ್ತಂತೆ, ವರ್ಷಗಟ್ಟಲೆ ಇದ್ದಿರಬಹುದಂತೆ. ರಕ್ತದೊತ್ತಡ ಗಕ್ಕನೆ ಏರುವ ಯಾವ ಗಳಿಗೆಯಲ್ಲಾದರೂ ಒಡೆಯಬಹುದಿತ್ತು, ಕೂಗಾಡಿದರೂ, ತಿಣುಕಿದರೂ, ಜೋರಾಗಿ ಮೂಗು ಸೀಟಿದರೂ. ಸುಮ್ಮನೆ ಮಲಗಿದವರಿಗೂ ಒಡೆಯುವುದುಂಟಂತೆ. ನಿಮ್ಮ ಯಜಮಾನ್ರು ಏನೂ ಮಾಡಿಲ್ಲ, ಅವರಿಗೆ ಇದನ್ನ ಯಾರೂ ಹೇಳಿಲ್ವಾ ಅಂತ ಕೇಳಿದಳು. ಬಕೆಟ್ಟು ಅಂತ ಸುಳ್ಳು ಹೇಳಿದವರಿಗೆ ಭಾರ ಎತ್ತಿಸಬೇಡಿ ಎಂಬ ಬಕೆಟ್ಟಿನ ಬುದ್ಧಿವಾದವೇ ಸಿಕ್ಕಿತು, ಇನ್ನೇನು ಸಿಗುತ್ತದೆ.

ಟೈರಿನ ಕಥೆ ನನಗೆ ಒಪ್ಪುವುದಿಲ್ಲ ಕಣ್ರೀ. ತೊಡೆಯ ಸಂದಿನಿಂದ ಸಣ್ಣ ನಳಿಗೆ ತೂರಿಸಿ, ಆ ಉಬ್ಬಿನೊಳಗೆ ತೆಳ್ಳನೆಯ ತಂತಿಯ ಸುರುಳಿ ತುಂಬಿ ಮುಚ್ಚಿದ್ದಾರೆ. ಹೊಸ ಸ್ಕ್ಯಾನಿನಲ್ಲೂ ಮುಚ್ಚಿಯೇ ಇದೆ. ಒತ್ತಡ ಹತೋಟಿಯಲ್ಲಿದೆ. ನನ್ನ ವಿಷಯದಲ್ಲಿ ಗಂಡ ಹೆಂಡತಿಯಾಗಿ ಬಾಳಲು ಅಡ್ಡಿಯಿಲ್ಲ ಎಂದಳು ಆ ಡಾಕ್ಟರ್. ಆಸೆ ಬತ್ತುವುದೂ ಈ ಕಾಯಿಲೆಯಲ್ಲಿ ಹೊಸದಲ್ಲವಂತೆ. ಸುಸ್ತು, ಮಂಕು, ಒತ್ತಡದ ಮಾತ್ರೆ ಎಲ್ಲ ಸೇರಿ ಹಾಗಾಗುತ್ತದೆ, ಕೆಲವರಿಗೆ ಮೆದುಳಿನ ಬುಡದ ಗ್ರಂಥಿ ಸೊರಗಿಯೂ ಆಗುತ್ತದೆ ಎಂದು ರಕ್ತ ತೆಗೆದು ನೋಡಿದರು. ಅದೂ ಸರಿಯಾಗಿದೆ. ಮತ್ತೆ ಅಂಥ ತಲೆನೋವು ಬಂದರೆ ತಡಮಾಡದೆ ಓಡಿ ಬರಬೇಕು, ಅಷ್ಟೇ. ನನಗೆ ಒಂಚೂರೂ ಭಯವಿಲ್ಲ. ಭಯವೆಲ್ಲ ನಿಮ್ಮದು.

ನೀರಿಗೆ ಹೆದರುವ ಮಕ್ಕಳನ್ನು ನಾನು ಯಾವತ್ತೂ ತಳ್ಳಿದವಳಲ್ಲ, ನಿಮಗೇ ಗೊತ್ತು. ಮೊದಲ ದಿನ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಸಾಕು, ಪಾಠ ಮುಗಿಯಿತು. ನಾನು ಕೆಳಗೆ ಕೈ ಚಾಚಿ ನಿಂತಿರುತ್ತೇನೆ. ನಿಮಗೂ ಅಷ್ಟೇ. ಇವತ್ತು ಅಂಗಡಿ ಮುಚ್ಚಿ ಬಂದು ನನ್ನ ಮಂಚದ ಅಂಚಿಗೆ ಕೂತುಕೊಳ್ಳಿ. ಬೇರೇನೂ ಬೇಡ.

ಇಂತಿ, ಇನ್ನೂ ಗಟ್ಟಿಮುಟ್ಟಾಗಿರುವ
ನಿಮ್ಮ ಕಪ್ಪೆ

ಮರೆತಿದ್ದೆ: ಭಯವಿಲ್ಲ ಎಂದು ಬರೆದದ್ದು ಸುಳ್ಳು. ತಲೆಯದು ನನಗೆ ಚಿಂತೆಯಿಲ್ಲ. ನಿಮಗೆ ಆ ಸಾಮಾನಿನ ಕೋಣೆ ಒಗ್ಗಿಹೋಯಿತೇನೋ ಎಂಬುದೇ ನನ್ನ ಭಯ. ಒಗ್ಗಿಹೋಗಿದ್ದರೆ ಈ ಕಾಗದ ಓದಲೇ ಇಲ್ಲ ಅನ್ನಿ, ನಾನು ನಂಬಿದ ಹಾಗೆ ಇರುತ್ತೇನೆ. ಇಲ್ಲವಾದರೆ ಬರುವಾಗ ತಾರಸಿಯಿಂದ ಒಂದು ಬಕೆಟ್ಟು ಇಳಿಸಿಕೊಂಡು ಬನ್ನಿ. ಮೆಟ್ಟಿಲ ಮೇಲೆ ಅದರ ಸದ್ದು ಕೇಳಿದರೆ ನನಗೆ ಗೊತ್ತಾಗುತ್ತದೆ.