ಎಡಗಾಲಿನ ಅಳತೆ

ಭಾನುವಾರ, ಮಾರ್ಚ್ ೯

ನನ್ನ ಬಾಯಿಬಡುಕಿ ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಪುಸ್ತಕ ಕೈಸೇರಿ ಐದು ವಾರವಾಯಿತು, ಉತ್ತರ ತಡವಾಯಿತೆಂದು ಮುನಿಯಬೇಡ. ಬೂಟು ಹೊಲಿಯುವವನು ಮನೋವಿಶ್ಲೇಷಣೆ ಓದುವುದೆಂದರೆ ಸುಮ್ಮನೆಯೇ? ದಿನಕ್ಕೆ ಎರಡು ಪುಟ ಓದಿ ತಲೆ ಕೆರೆದುಕೊಂಡೆ.

ಗಿರಾಕಿಗಳ ಕಣ್ಣಿಗೆ ಬೀಳಲೆಂದು ಅದನ್ನು ಅಂಟಿನ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೆ. ಮೊನ್ನೆ ಮೂಳೆ ಡಾಕ್ಟರು ತಿರುವಿ ನೋಡಿ, "ಅಪ್ಪನ್ನ ಕೊಂದು ಅಮ್ಮನ್ನ ಮದುವೆಯಾದ ಗ್ರೀಕ್ ರಾಜನ ನಾಟಕ ಅಲ್ವೇನ್ರೀ? ಎಲ್ಲಾ ಗಂಡುಮಕ್ಕಳ ಮನಸ್ಸಲ್ಲೂ ಆ ಆಸೆ ಇರುತ್ತಂತೆ" ಅಂದರು.

ನಾನು ಬಿಡುತ್ತೇನೆಯೇ? "ಡಾಕ್ಟ್ರೇ, ನೂರು ವರ್ಷದಿಂದ ಅದೇ ರಾಗ. ಸಿನಿಮಾದಲ್ಲೂ ಅದೇ, ಅಮ್ಮನ ಮಾತು ಕೇಳೋ ಗಂಡಸರನ್ನ ಆಡಿಕೊಳ್ಳೋಕೂ ಅದೇ. ಮಗ ಮುಂದೆ ತನ್ನನ್ನ ಕೊಲ್ತಾನೆ ಅಂತ ಯಾರೋ ಭವಿಷ್ಯ ಹೇಳಿದ್ದಕ್ಕೆ ಹೆದರಿ, ಹಸುಗೂಸಿನ ಕಾಲು ಚುಚ್ಚಿ ಬೆಟ್ಟದ ಮೇಲೆ ಬಿಸಾಡಿಸಿದ್ದು ಯಾರು? ಅಪ್ಪ ತಾನೇ? ಮಗನ ಮನಸ್ಸನ್ನ ಬಗೆದು ನೋಡಿದ್ರಲ್ಲ, ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ಯಾರಾದ್ರೂ ಕೇಳಿದ್ರಾ? ನನ್ನ ಮಗಳು ಕೇಳಿದಾಳೆ!" ಅಂದೆ. ಡಾಕ್ಟರು ರಿಪೇರಿಯಾದ ಬೂಟನ್ನು ಮರೆತು ಪುಸ್ತಕ ಎತ್ತಿಕೊಂಡು ಹೋದರು. ನನ್ನ ಎದೆ ಇಷ್ಟಗಲವಾಯಿತು.

ರಾಜನ ಹೆಸರಿನ ಅರ್ಥವೇ ಊದಿದ ಪಾದ, ಪಂಡಿತರೆಲ್ಲ ಅವನ ಮಂಚ ನೋಡಿದರೇ ಹೊರತು ಪಾದ ನೋಡಲಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ನಿನ್ನಮ್ಮನಿಗೆ ಎರಡು ಸಲ ಓದಿ ಹೇಳಿದೆ. "ನಿಮ್ಮ ಅಂಗಡೀಲಿ ಬೆಳೆದ ಹುಡುಗಿ, ಇನ್ನೇನು ನೋಡ್ತಾಳೆ?" ಅಂದಳು. ತಿರುಚಿದ ಎಡಪಾದದೊಂದಿಗೆ ಹುಟ್ಟಿ, ನಾನು ಹೊಲಿದ ಬೂಟಿನಲ್ಲಿ ನಡೆಯಲು ಕಲಿತು, ಈಗ ಪಂಡಿತರಿಗೇ ದಾರಿ ತೋರಿಸುತ್ತಿದ್ದೀಯ.

ಇನ್ನೂ ಹತ್ತು ಪುಸ್ತಕ ಬರೆ. ನೂರು ವರ್ಷ ನೆಟ್ಟಗೆ ನಡೆ.

ನಿನ್ನ
ಅಪ್ಪ

ಮರೆತಿದ್ದು: ಪುಸ್ತಕದ ಮೊದಲ ಪುಟದಲ್ಲಿ, "ನನ್ನ ಪಾದವನ್ನು ಮೊದಲು ಕೈಯಲ್ಲಿ ಹಿಡಿದ ಅಪ್ಪನಿಗೆ" ಎಂದು ಅಚ್ಚು ಹಾಕಿಸಿದ್ದೀಯ. ಅದನ್ನು ತಿದ್ದಿಸು. ನೀನು ಹುಟ್ಟಿದಾಗ ನರ್ಸ್ ಬಟ್ಟೆ ಸರಿಸಿದರು. ಪಾದ ನೋಡಿ ನಾನು ಹೊರಗೆ ಹೋದವನು ಹನ್ನೊಂದು ದಿನ ಬರಲಿಲ್ಲ. ಬೂಟು ಹೊಲಿಯುವವನ ಮನೆಯಲ್ಲೇ ಇಂಥ ಪಾದವೇ ಎಂದು ಜನ ನಗುತ್ತಾರೆಂದು ಹೆದರಿದೆ. ನಿನ್ನನ್ನು ಅನಾಥಾಲಯಕ್ಕೆ ಕೊಡುವ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಅದನ್ನು ಹರಿದವಳು ನಿನ್ನಮ್ಮ. ದಾರ ಸುತ್ತಿ ನಿನ್ನ ಮೊದಲ ಅಳತೆ ತೆಗೆದು ನನಗೆ ಕಳಿಸಿದವಳೂ ಅವಳೇ.

ನಿನ್ನ ಪುಸ್ತಕವನ್ನು ನಾನು ನಾಲ್ಕೇ ದಿನದಲ್ಲಿ ಓದಿದೆ. ಉಳಿದ ದಿನವೆಲ್ಲ ಇಷ್ಟು ಬರೆಯಲು ಹಿಡಿಯಿತು.