ಮೇಣದಲ್ಲಿ ಉಳಿದದ್ದು

ಮಾರ್ಚ್ 3, ಬೆಳಿಗ್ಗೆ 9
ಲ್ಯಾಬಿನ ಕೊಯ್ಯುವ ಮೆಷಿನ್ನಿಗೆ ಹೊಸ ಬ್ಲೇಡ್ ಹಾಕಿದೆ. ಇವತ್ತು ಹದಿನಾಲ್ಕು ಮೇಣದ ಬ್ಲಾಕ್, ಒಂದೊಂದರಲ್ಲೂ ಒಬ್ಬೊಬ್ಬ ರೋಗಿಯ ಚೂರು. ಹನ್ನೊಂದನೆಯದು ಅಣ್ಣನದು — ಶ್ವಾಸಕೋಶದಿಂದ ತೆಗೆದ ಚೂರು, ಮೇಣದೊಳಗೆ ಕೂತಿದೆ. ಅಕ್ಕಿಕಾಳಿಗಿಂತ ಚಿಕ್ಕದು. ಬೇರೆಯವರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಪದರ ಕೊಯ್ಯುವ ಮುಂಚೆ ಕಣ್ಣು ಮುಚ್ಚಿದೆ. ಕರ್ತನೇ, ಇದರಲ್ಲಿ ಏನೂ ಇರದಿರಲಿ.
ಆಮೇಲೆ ನನಗೇ ನಗು ಬಂತು. ಚೂರು ಕೆಡದಂತಿಡುವ ಫಾರ್ಮಲಿನ್‌ಗೆ ಬಿದ್ದದ್ದು ಶುಕ್ರವಾರ. ಏನಿದೆಯೋ ಅದು ಅಂದೇ ತೀರ್ಮಾನವಾಗಿದೆ. ನಾನು ಕೇಳುತ್ತಿರುವುದು ಶುಕ್ರವಾರವನ್ನು ಬದಲಾಯಿಸು ಅಂತ.

ಮಾರ್ಚ್ 4
ಲ್ಯಾಬಿನ ಡಾಕ್ಟರಮ್ಮ ಆ ಪದರದ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. "ಕ್ಯಾನ್ಸರೇ ಕಣ್ರೀ. ಅನುಮಾನ ಇಲ್ಲ."
ಅಣ್ಣನಿಗೆ ನಾನೇ ಹೇಳಿದೆ. ಪಾಸ್ಟರ್ ಅಲ್ಲವೇ, ಭಾನುವಾರದ ಪ್ರಸಂಗ ಬರೆಯುತ್ತಿದ್ದ. ಪೆನ್ನಿಗೆ ಮುಚ್ಚಳ ಹಾಕಿದ.
"ನೀನು ನೋಡಿದ್ಯಾ ಪುಟ್ಟಿ?"
"ನೋಡ್ದೆ."
"ಹಾಗಾದ್ರೆ ಇದೆ ಬಿಡು. ದೇವರು ಕೊಟ್ಟ ಕಣ್ಣಲ್ಲಿ ಕಂಡದ್ದನ್ನ ಇಲ್ಲ ಅನ್ನೋದು ಭಕ್ತಿ ಅಲ್ಲ, ಹಟ." ಬರೆದ ಹಾಳೆ ಮಡಚುತ್ತಾ, "ಇಷ್ಟು ವರ್ಷ ಬರೀ ಥಿಯರಿ ಹೇಳಿದ್ದಾಯ್ತು. ಇನ್ಮೇಲೆ ಪ್ರಾಕ್ಟಿಕಲ್."
ಐವತ್ತೆರಡು ನನಗೆ. ಇನ್ನೂ ಪುಟ್ಟಿ. ಪಾಸ್ಟರಿಗೆ ಲ್ಯಾಬಿನ ಮೇಲೆ ನಂಬಿಕೆ, ಲ್ಯಾಬಿನವಳಿಗೆ ಪವಾಡ ಬೇಕು... ಯಾರ ಹತ್ತಿರ ಹೇಳಿಕೊಳ್ಳಲಿ.

ಮಾರ್ಚ್ 6, ಮಧ್ಯಾಹ್ನ
ಎಲ್ಲರೂ ಊಟಕ್ಕೆ ಹೋದರು. ಅಣ್ಣನ ಬ್ಲಾಕನ್ನು ಮತ್ತೆ ಮೆಷಿನ್ನಿಗೆ ಹಾಕಿದೆ. ಇನ್ನೂ ಆಳಕ್ಕೆ ಕೊಯ್ದರೆ ಬೇರೆ ಏನಾದರೂ ಕಂಡೀತು. ಅನುಮಾನ ಇದ್ದರೆ ನಾವು ಮಾಡುವುದೇ ಅದು. ಆದರೆ ಅನುಮಾನ ಯಾರಿಗಿತ್ತು? ಒಂದು ಪ್ರಾರ್ಥನೆ, ಒಂದು ಪದರ. ಬಣ್ಣ ಹಾಕಿ ನೋಡಿದೆ. ಅದೇ. ಸ್ಲೈಡನ್ನು ಗಾಜಿನ ಕಸಕ್ಕೆ ಎಸೆದೆ.

ಮಾರ್ಚ್ 7
ಅದೇ.

ಮಾರ್ಚ್ 11
ಹಾಳಾದ್ದು, ಒಂದೇ ಒಂದು ಪದರದಲ್ಲಾದರೂ ಇಲ್ಲದೆ ಇರಬಾರದೇ? ಇವತ್ತು ಮೂರು ಕೊಯ್ದೆ. ಮೂರನ್ನೂ ಎಸೆದೆ.

ಮಾರ್ಚ್ 19, ಬೆಳಿಗ್ಗೆ 11
ಡಾಕ್ಟರಮ್ಮ ದಡದಡ ಬಂದರು. ಮುಖ ಅರಳಿತ್ತು. "ನಿಮ್ಮಣ್ಣನ ಕಾಯಿಲೆಗೆ ಒಂದು ಮಾತ್ರೆ ಇದೆ ಕಣ್ರೀ. ಕೆಲವರಿಗೆ ತುಂಬಾ ಚೆನ್ನಾಗಿ ಹಿಡಿಯತ್ತೆ. ಮೊದಲು ಆ ಚೂರಿಗೆ ಜೀನ್ ಟೆಸ್ಟ್ ಆಗ್ಬೇಕು. ಆ ಬ್ಲಾಕ್ ಕೊಡಿ, ಇವತ್ತೇ ಕಳಿಸೋಣ."
ಕೊಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿದರು. ಬರೀ ಮೇಣ. ದಿನವೂ ಕೊಯ್ದು ಎಸೆದ ಪದರಗಳಲ್ಲೇ ಚೂರು ಮುಗಿದುಹೋಗಿತ್ತು.
"ಇದರಲ್ಲಿ ಏನೂ ಇಲ್ವಲ್ರೀ!"
ಇಲ್ಲ. ಕೇಳಿದ್ದು ಅದನ್ನೇ ತಾನೇ.

ಮಾರ್ಚ್ 20
ಮೊದಲ ಸ್ಲೈಡಿನಲ್ಲಿ ಇರುವುದು ಟೆಸ್ಟಿಗೆ ಸಾಲದಂತೆ. ಇನ್ನೊಮ್ಮೆ ಚೂರು ತೆಗೆಯುವ ಹಾಗಿಲ್ಲ, ಅಷ್ಟು ಉಸಿರು ಉಳಿದಿಲ್ಲ ಅವನಲ್ಲಿ. ಬ್ಲಾಕ್ ಹೇಗೆ ಖಾಲಿಯಾಯಿತೆಂದು ಡಾಕ್ಟರಮ್ಮ ಕೇಳಲಿಲ್ಲ. ನೋಡಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 22, ಸಂಜೆ 4
ಹೇಳಿಬಿಡಬೇಕೆಂದೇ ಹೋದೆ. ದಿಂಬಿಗೆ ಒರಗಿ ಕೂತಿದ್ದ. ಅವನೇ ಶುರು ಮಾಡಿದ.
"ಚೂರು ಸಾಲಲಿಲ್ವಂತೆ. ಹೋಗ್ಲಿ ಬಿಡು. ನಿನ್ನ ಕೈಲಾದ್ದು ನೀನು ಮಾಡಿದ್ದೀಯ."
"ಅಣ್ಣಾ, ನಾನೇ..."
ಕೆಮ್ಮು ಬಂತು ಅವನಿಗೆ. ನೀರು ಕುಡಿಸಿದೆ. ಸುಧಾರಿಸಿಕೊಂಡು ಕೈ ಚಾಚಿದ. "ಪ್ರಾರ್ಥನೆ ಮಾಡೋಣ ಬಾ. ನೀನೇ ಮಾಡು, ನನಗೆ ಉಸಿರು ಸಾಲದು."
ಕೈ ಹಿಡಿದುಕೊಂಡೆ. ಕಣ್ಣು ಮುಚ್ಚಿದೆ. ಕರ್ತನೇ, ಅಂದೆ. ಅವನು ಕಾಯುತ್ತಿದ್ದ. ಮುಂದೆ ಏನನ್ನು ಕೇಳಲಿ ನಾನು, ಯಾವ ಬಾಯಲ್ಲಿ—