ಕೆಂಪಕ್ಷರದ ದಿನ ಬಂದು ಹೋದ ನೀರು

ಕಾಲುವೆಗೆ ನೀರು ಬಿಡುವ ಇಂಜಿನಿಯರ್ ಸಾಹೇಬರೇ,

ಮೊಹರಂನಲ್ಲಿ ನಮ್ಮ ಅಲಾಯಿ ದೇವರನ್ನು, ಅಂದರೆ ಪಂಜಾಗಳನ್ನು, ಹೊಳೆಗೆಂದು ಈ ಕಾಲುವೆಗೆ ಕಳಿಸುವ ಕೊನೆಯ ದಿನಕ್ಕೆಂದು ತಾವು ದಯಪಾಲಿಸಿದ ನೀರು ಒಂದು ದಿನ ಮೊದಲೇ ಬಂದು ಹೋಯಿತು. ಬಳಗಾನೂರಿನ ಎಮ್ಮೆಗಳು ಮನಸಾರೆ ಮಿಂದವು. ಅವುಗಳ ಪರವಾಗಿ ವಂದನೆಗಳು. ಮರುದಿನ ನಾವು ಹಲಗೆ ಬಡಿಯುತ್ತ ದೇವರನ್ನು ಹೊತ್ತು ಬಂದಾಗ ಕಾಲುವೆಯಲ್ಲಿ ಕೆಸರು ಮಾತ್ರ ಇತ್ತು. ನನ್ನ ತಾಯಿ ಹುಸೇನಮ್ಮ ಅಂದಿನಿಂದ ಆ ದಂಡೆಯಲ್ಲೇ ಕುಳಿತಿದ್ದಾಳೆ.

ನಾನು ಚಿಕ್ಕವನಿದ್ದಾಗ ಇದೇ ಕಾಲುವೆಗೆ ಬಿದ್ದು ಬದುಕಿ ಬಂದೆ. ಆಗಿನ ಹರಕೆಯಂತೆ ಪ್ರತಿ ಮೊಹರಂಗೆ ಅವ್ವ ಫಕೀರಳಾಗುತ್ತಾಳೆ: ಕೊರಳಿಗೆ ಕೆಂಪು ದಾರ, ಬರಿಗಾಲು. ದೇವರು ಹೋದ ಮೇಲೆ ಆ ದಾರವನ್ನು ಈ ಕಾಲುವೆಯ ಹರಿಯುವ ನೀರಿಗೆ ಬಿಟ್ಟೇ ಮನೆಯ ಹೊಸ್ತಿಲು ದಾಟಬೇಕು. ಮೊದಲೆಲ್ಲ ಹಬ್ಬ ಬಂದಾಗ ಕಾಲುವೆ ತುಂಬಿರುತ್ತಿತ್ತು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಗಿಡ್ಡ. ಹಬ್ಬ ಹಿಂದೆ ಹಿಂದೆ ಸರಿಯುತ್ತ ಈಗ ತಮ್ಮ ಗೇಟು ಮುಚ್ಚಿರುವ ದಿನಗಳಿಗೆ ಬಂದು ಮುಟ್ಟಿದೆ.

ಹಬ್ಬದ ದಿನ ಗೊತ್ತುಮಾಡಲು ತಾವು ಗೋಡೆಯ ಕ್ಯಾಲೆಂಡರ್ ನೋಡಿದಿರಿ, ನಾವು ಆಕಾಶ ನೋಡಿದೆವು. ನಿಜ ಹೇಳಬೇಕೆಂದರೆ ನಮಗೂ ಏನೂ ಕಾಣಲಿಲ್ಲ, ಮೋಡವಿತ್ತು. ಚಂದ್ರ ಕಾಣದಿದ್ದರೆ ಹಳೆಯ ತಿಂಗಳಿಗೆ ಇನ್ನೊಂದು ದಿನ ಕೊಡುವುದು ವಾಡಿಕೆ. ಹೋದ ವರ್ಷವೇ ಅಚ್ಚಾದ ಕ್ಯಾಲೆಂಡರಿಗೆ ಈ ವರ್ಷದ ಮೋಡ ಹೇಗೆ ಗೊತ್ತಾದೀತು?

ನಾನು ಏಳನೇ ತರಗತಿಯಲ್ಲಿ ಶಾಲೆ ಬಿಟ್ಟವನು. ಆದರೆ ಈಜಿಪ್ಟಿನ ಪಾಠ ಮುಗಿಯುವವರೆಗೆ ಇದ್ದೆ. ಅಲ್ಲಿಯವರು ಬೆಳಗಿನ ಜಾವ ಒಂದು ನಕ್ಷತ್ರ ಮೂಡುವುದನ್ನು ಕಾದು, ಇನ್ನು ನೈಲ್ ನದಿ ಉಕ್ಕುತ್ತದೆಂದು ತಿಳಿದು ವರ್ಷ ಎಣಿಸಿದರಂತೆ. ಪಾಪ, ಅವರ ನದಿಗೆ ಕಚೇರಿ ಇರಲಿಲ್ಲ. ಬ್ಯಾಬಿಲೋನಿನವರು ಎಳೆ ಚಂದ್ರ ಕಂಡ ಸಂಜೆಯೇ ತಿಂಗಳು ಶುರು ಮಾಡುತ್ತಿದ್ದರಂತೆ. ಅಂಥವರಿಗೆ ತಮ್ಮಲ್ಲಿ ಜವಾನನ ಕೆಲಸವಾದರೂ ಸಿಗುತ್ತಿತ್ತೇ?

ಬಸ್ಸು ಹಿಡಿದು ತಮ್ಮ ಕಚೇರಿಗೂ ಬಂದಿದ್ದೆ. ತಾವಿರಲಿಲ್ಲ. ಗುಮಾಸ್ತರು ಗೋಡೆ ತೋರಿಸಿದರು.

“ಹಬ್ಬ ಮುಗದು ಹೋಗೈತಲ್ಲೋ ತಮ್ಮಾ. ನೋಡಿಲ್ಲಿ, ಕೆಂಪಕ್ಷರದಾಗೈತಿ.”

“ಚಂದ್ರ ಒಂದಿನ ತಡಾ ಮಾಡ್ಯಾನ್ರೀ.”

“ಹಂಗಾದ್ರ ಅವನ ಕಡಿಂದ ಒಂದು ಅರ್ಜಿ ಬರಸ್ಕೊಂಡು ಬಾ, ಹೋಗು.”

ಅರ್ಜಿದಾರ ದಿನೇ ದಿನೇ ದುಂಡಗಾಗುತ್ತಿದ್ದಾನೆ. ರುಜು ಮಾತ್ರ ಹಾಕುತ್ತಿಲ್ಲ.

ದೇವರ ಸೇವೆ ಮಾಡುವ ಮನೆಯ ಸಕೀನಾಬೀ ನಿನ್ನೆ ದಂಡೆಗೆ ಬಂದು ಗದರಿದಳು: “ದಾರಾನ ಬಾವ್ಯಾಗ ಬಿಟ್ಟು ಏಳಬೇ ಹುಸೇನಿ. ದೇವ್ರೇನು ನಿನ್ನಷ್ಟು ಹಟಮಾರಿ ಅದಾನೇನು?”

ಅವ್ವ ಕದಲಲಿಲ್ಲ. “ನನ್ನ ಮಗನ್ನ ತಿರುಗಿ ಕೊಟ್ಟಿದ್ದು ಬಾವಿ ಅಲ್ಲಬೇ, ಈ ಕಾಲುವಿ. ಇದಕ್ಕ ಸುಳ್ಳು ಹೇಳಲೇನು?”

ನನಗೆ ಹರಕೆಯಲ್ಲಿ ನಂಬಿಕೆ ಇಲ್ಲ. ಅದನ್ನು ಅವ್ವನಿಗೂ ಹೇಳಿದೆ. “ಬಿಡು, ನಿನ್ನ ಪಾಲಿಂದೂ ನಾನ ನಂಬತೀನಿ” ಅಂದಳು. ನಾನು ಬುತ್ತಿ ಬಿಚ್ಚಿಟ್ಟು ಈ ಕಾಗದ ಬರೆಯಲು ಕುಳಿತೆ.

ಸಾಹೇಬರೇ, ಗೇಟನ್ನು ಒಂದು ತಾಸು ಎತ್ತಿಸಿ. ದಾರ ಬಹಳ ಹಗುರ, ಪಾದ ಮುಳುಗುವಷ್ಟು ನೀರು ಸಾಕು. ಮುಂದಿನ ವರ್ಷ ಮೊಹರಂಗೆ ಮುಂಚಿನ ಅಮಾವಾಸ್ಯೆ ಕಳೆದ ಮೇಲೆ ಸಂಜೆ ಹೊರಗೆ ಬಂದು ಪಡುವಣಕ್ಕೆ ಮುಖ ಮಾಡಿ ನಿಲ್ಲಿ. ಕುರ್ಚಿ ಬೇಕಾದರೆ ನಾನೇ ಹೊತ್ತು ತರುತ್ತೇನೆ.

ಇಂತಿ,
ತಮ್ಮ ಕಾಲುವೆ ಒಮ್ಮೆ ಬದುಕಿಸಿ ಕಳಿಸಿದ,
ಈಗ ಅದರ ದಂಡೆಗೆ ಅವ್ವನ ಬುತ್ತಿ ಹೊರುತ್ತಿರುವ
ಪಂಪಣ್ಣ
ಬಳಗಾನೂರು, ಸಿಂಧನೂರು ತಾಲ್ಲೂಕು
ಜೂನ್ ೧೯೯೪ (ಇದು ತಮ್ಮ ಗೋಡೆಯ ಲೆಕ್ಕ)